ಟ್ಯಾಕೋಗೆ ವೈನ್ ಆರಿಸುವಾಗ ಮೊದಲು ಸಾಲ್ಸಾ ನೋಡಿ

ಮೊದಲ ಸಲ ಮನೆಯಲ್ಲಿ ಟ್ಯಾಕೋ (ತೆಳು ರೊಟ್ಟಿಯೊಳಗೆ ಮಾಂಸ, ತರಕಾರಿ ಇಟ್ಟು ಮಡಿಚುವ ಮೆಕ್ಸಿಕೋದ ತಿಂಡಿ) ಮಾಡಿ ಸ್ನೇಹಿತರನ್ನು ಕರೆದಾಗ ನಾನು ತಂದಿದ್ದು ದುಬಾರಿ ಕ್ಯಾಬರ್ನೆ ಸೊವಿನ್ಯೋನ್. ದನದ ಮಾಂಸಕ್ಕೆ ಕೆಂಪು ವೈನ್ ಅಂತ ಎಲ್ಲೋ ಓದಿದ್ದೆ, ಅಷ್ಟೇ ನನ್ನ ಜ್ಞಾನ. ಬಾಟಲಿಯ ಹಿಂದೆ ಆಲ್ಕೋಹಾಲ್ 15% ಎಂದು ಬರೆದಿತ್ತು, ನಾನು ನೋಡಲೇ ಇಲ್ಲ. ಹಬನೇರೋ ಎಂಬ ಮಹಾ ಖಾರದ ಮೆಣಸಿನಕಾಯಿಯ ಸಾಲ್ಸಾ, ಅಂದರೆ ಟ್ಯಾಕೋ ಮೇಲೆ ಹಾಕುವ ಚಟ್ನಿ, ಧಾರಾಳವಾಗಿ ಸುರಿದುಕೊಂಡು ಒಂದು ತುತ್ತು ತಿಂದು, ಮೇಲೆ ಒಂದು ಗುಟುಕು ವೈನ್ ಕುಡಿದರೆ ಬಾಯಿಗೆ ಬೆಂಕಿ ಬಿದ್ದ ಹಾಗಾಯಿತು. ವೈನ್ ಬರೀ ಕಹಿ. ಹತ್ತು ನಿಮಿಷದಲ್ಲಿ ಎಲ್ಲರೂ ಎದ್ದು ಫ್ರಿಜ್‌ನಲ್ಲಿ ಬಿಯರ್ ಹುಡುಕುತ್ತಿದ್ದರು.

ತಪ್ಪು ವೈನ್‌ದಲ್ಲ, ನಾನು ನೋಡಿದ ಜಾಗದ್ದು. ಇಡ್ಲಿ ಎಷ್ಟೇ ಮೆತ್ತಗಿದ್ದರೂ ತಟ್ಟೆಯ ಹಣೆಬರಹ ಬರೆಯುವುದು ಚಟ್ನಿ, ಅಲ್ವಾ? ಟ್ಯಾಕೋದಲ್ಲೂ ಹಾಗೇ. ಒಳಗಿನ ಮಾಂಸಕ್ಕಿಂತ ಮೇಲಿನ ಸಾಲ್ಸಾ, ಹಿಂಡಿದ ನಿಂಬೆ, ಹಸಿ ಈರುಳ್ಳಿ, ಕೊತ್ತಂಬರಿ, ಇವೇ ಬಾಯಲ್ಲಿ ಜೋರು ಮಾಡುವುದು. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಸಾಲ್ಸಾ ಎಷ್ಟು ಖಾರ ಅಂತ ತಿಳಿದುಕೊಳ್ಳಿ. ಯಾವ ಮೆಣಸಿನಕಾಯಿ, ಹಲಪೇನ್ಯೋ ಹಾಕಿದ್ದೋ, ಸೆರ್ರಾನೋ ಹಾಕಿದ್ದೋ, ಹಬನೇರೋ ಹಾಕಿದ್ದೋ? ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಹಲಪೇನ್ಯೋ ಸುಮಾರು 2,500ರಿಂದ 8,000. ಹಬನೇರೋ 1,00,000ಕ್ಕೂ ಜಾಸ್ತಿ. ಎರಡಕ್ಕೂ ಒಂದೇ ಬಾಟಲಿ ಸಾಲುವುದಿಲ್ಲ.

ಈಗ ಖಾರಕ್ಕೂ ವೈನ್‌ಗೂ ಯಾಕೆ ಜಗಳ ಅಂತ ನೋಡೋಣ. ಇದು ಗೊತ್ತಾದರೆ ಪಟ್ಟಿ ಬಾಯಿಪಾಠ ಮಾಡುವ ಕೆಲಸವೇ ಇಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಮ್ಮ ನಾಲಿಗೆಯಲ್ಲಿ ಬಿಸಿಯನ್ನು ತಿಳಿಸುವ ನರಗಳನ್ನೇ ಕೆಣಕುತ್ತದೆ. ಆಲ್ಕೋಹಾಲ್ ಕೂಡ ಅವೇ ನರಗಳನ್ನು ಕೆಣಕುತ್ತದೆ. ಎರಡೂ ಸೇರಿದರೆ ಉರಿಗೆ ತುಪ್ಪ ಸುರಿದ ಹಾಗೆ. ಹಾಗಾಗಿ ಖಾರದ ಟ್ಯಾಕೋಗೆ 12%ಕ್ಕಿಂತ ಕಡಿಮೆ ಇರುವ ವೈನ್ ಹುಡುಕಿ. 14% ದಾಟಿದ ಬಾಟಲಿಯನ್ನು ವಾಪಸ್ ಶೆಲ್ಫಿನಲ್ಲಿಡಿ.

ಇನ್ನೊಂದು ಟ್ಯಾನಿನ್. ಇದಕ್ಕೆ ಕನ್ನಡದಲ್ಲಿ ಸೊಗಸಾದ ಮಾತಿದೆ, ಒಗರು. ನೆಲ್ಲಿಕಾಯಿ ಕಚ್ಚಿದಾಗ, ಹಸಿ ಅಡಿಕೆ ಜಗಿದಾಗ ಬಾಯಿ ಒಣಗಿ ಬಿಗಿಯುತ್ತದಲ್ಲ, ಅದೇ. ಕ್ಯಾಬರ್ನೆಯಂಥ ಗಟ್ಟಿ ಕೆಂಪು ವೈನ್‌ಗಳಲ್ಲಿ ಒಗರು ಜಾಸ್ತಿ, ಖಾರದ ಜೊತೆ ಅದು ಇನ್ನೂ ಒರಟಾಗುತ್ತದೆ. ಖಾರಕ್ಕೆ ಸಮಾಧಾನ ಹೇಳುವುದು ಸಿಹಿ. ಸಾರಿಗೆ ಒಂದು ಚೂರು ಬೆಲ್ಲ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳಿಯ ಲೆಕ್ಕವೂ ಸುಲಭ: ಟ್ಯಾಕೋ ಮೇಲೆ ಹಿಂಡಿದ ನಿಂಬೆಯಷ್ಟಾದರೂ ಹುಳಿ ವೈನ್‌ನಲ್ಲಿ ಇರಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ನೀರಿನಂತೆ ಕಾಣುತ್ತದೆ.

ಹೀಗೆ ನೋಡಿದರೆ ಕಣ್ಣು ಮುಚ್ಚಿ ಕೊಳ್ಳಬಹುದಾದ ಬಾಟಲಿ ಎಂದರೆ ಜರ್ಮನಿಯ ಮೊಸೆಲ್ ಕಣಿವೆಯ ರೀಸ್ಲಿಂಗ್ ಎಂಬ ಬಿಳಿ ವೈನ್, ಅದರಲ್ಲೂ ಕ್ಯಾಬಿನೆಟ್ ಎಂದು ಬರೆದಿರುವುದು. ಆಲ್ಕೋಹಾಲ್ ಸಾಮಾನ್ಯವಾಗಿ 8ರಿಂದ 9%, ಸ್ವಲ್ಪ ಸಿಹಿ, ಜೊತೆಗೆ ಚುರುಕಾದ ಹುಳಿ. ಒಂದೇ ಎಚ್ಚರ: ಲೇಬಲ್ ಮೇಲೆ ಟ್ರೋಕನ್ ಎಂದಿದ್ದರೆ ಅದು ಸಿಹಿಯಿಲ್ಲದ್ದು. ನಾನು ಅದನ್ನು ಗಮನಿಸದೆ ಎರಡು ಸಲ ತಂದಿದ್ದೇನೆ.

ಈಗ ಟ್ಯಾಕೋಗಳ ವಿಷಯ. ಮೀನಿನ ಟ್ಯಾಕೋ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಹೆಮ್ಮೆ, ಎನ್ಸೆನಾಡಾ ಊರಿನ ಬೀದಿಬದಿಯ ತಿಂಡಿ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಸಣ್ಣಗೆ ಹೆಚ್ಚಿದ ಎಲೆಕೋಸು, ಬಿಳಿ ಕ್ರೀಮ್ ಸಾಸ್, ನಿಂಬೆ. ಕರಿದದ್ದಕ್ಕೆ ಹುಳಿ ಬೇಕು, ನೊರೆ ಇದ್ದರೆ ಇನ್ನೂ ಚೆನ್ನ. ಸ್ಪೇನಿನ ಅಲ್ಬರಿನ್ಯೋ ಅಥವಾ ನೊರೆಯ ಕಾವಾ, ಪೋರ್ಚುಗಲ್‌ನ ವಿನ್ಯೋ ವೆರ್ದೆ, ಇವುಗಳಲ್ಲಿ ಯಾವುದಾದರೂ ಸರಿ. ತೀರಾ ಖಾರ ಹಾಕಿಕೊಂಡಿದ್ದರೆ ಮಾತ್ರ ನೊರೆಯ ವೈನ್ ಬಿಡಿ, ಗುಳ್ಳೆಗಳೇ ನಾಲಿಗೆ ಚುಚ್ಚುತ್ತವೆ. ಅಂದಹಾಗೆ ಮೆಕ್ಸಿಕೋದ ದೊಡ್ಡ ವೈನ್ ಸೀಮೆ ವಾಯೆ ದೆ ಗ್ವಾದಲೂಪೆ ಇರುವುದು ಇದೇ ಎನ್ಸೆನಾಡಾದ ಪಕ್ಕದಲ್ಲಿ. ಟ್ಯಾಕೋ ಜೊತೆ ವೈನ್ ಅಂದರೆ ಶೋಕಿ ಅಂತ ಮೂಗು ಮುರಿಯುವವರಿಗೆ ಇನ್ನೊಂದು ಮಾತು: ಮೆಕ್ಸಿಕೋದ ಪಾರಾಸ್ ಊರಿನ ಕಾಸಾ ಮದೇರೋ 1597ರಿಂದ ಇದೆ, ಅಮೆರಿಕ ಖಂಡಗಳಲ್ಲೇ ಹಳೆಯ ವೈನರಿ ಅದು. ಆದರೂ ನಿಜ ಹೇಳಬೇಕೆಂದರೆ ಅಲ್ಲಿನ ಬೀದಿಯಲ್ಲಿ ಟ್ಯಾಕೋ ತಿನ್ನುವವರ ಕೈಯಲ್ಲಿ ಕಾಣುವುದು ಬಿಯರ್ ಅಥವಾ ಸೋಡಾ.

ನನಗೆ ತುಂಬಾ ಇಷ್ಟವಾದದ್ದು ಅಲ್ ಪಾಸ್ತೋರ್ ಟ್ಯಾಕೋ. ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ಬಂದು ನೆಲೆಸಿದವರು ತಂದ ಶವರ್ಮಾ ಅಲ್ಲಿ ರೂಪ ಬದಲಿಸಿ ಇದಾಯಿತು. ಕುರಿ ಹೋಗಿ ಹಂದಿ ಬಂತು, ಅಚ್ಯೋತೆ ಎಂಬ ಬೀಜದ ಕೆಂಪು ಬಣ್ಣ ಬಂತು, ಕೊನೆಗೆ ಮೇಲೊಂದು ಅನಾನಸ್ ತುಂಡೂ ಬಂತು. ಖಾರ, ಹುಳಿ, ಸಿಹಿ, ಹೊಗೆ ಎಲ್ಲವೂ ಒಂದೇ ತುತ್ತಿನಲ್ಲಿ. ಮೇಲೆ ಹೇಳಿದ ರೀಸ್ಲಿಂಗ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೇಡವೆಂದರೆ ತಣ್ಣಗಿನ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್. ಯುಕಾತಾನ್ ಕಡೆಯ ಕೊಚಿನೀತಾ ಪಿಬಿಲ್‌ಗೂ ಇವೇ ಆದೀತು. ಹುಳಿ ಕಿತ್ತಳೆ ರಸದಲ್ಲಿ ನೆನೆಸಿ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಆ ಹಂದಿ ಮಾಂಸದ ಜೊತೆ ಬರುವ ಹಬನೇರೋ ಸುಮ್ಮನೆ ಬಿಡುವುದಿಲ್ಲ, ಸಿಹಿ ಇರಲೇಬೇಕು.

ಕಾರ್ನೀತಾಸ್ ಎಂದರೆ ಹಂದಿಯನ್ನು ಅದರದೇ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸಿದ್ದು. ಕೊಬ್ಬು ಕತ್ತರಿಸಲು ಹುಳಿ ಬೇಕು, ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಸಾಕು. ಲಾಂಬ್ರುಸ್ಕೋ ಎಂಬ ಇಟಲಿಯ ನೊರೆಯ ಕೆಂಪು ವೈನ್ ಸಿಕ್ಕರೆ ಇನ್ನೂ ಮಜಾ.

ಕೆಂಪು ವೈನ್ ಬೇಕೇ ಬೇಕು ಎನ್ನುವವರು ಕಾರ್ನೆ ಅಸಾದಾಗೆ ಕಾಯಿರಿ. ಕೆಂಡದ ಮೇಲೆ ಸುಟ್ಟ ದನದ ಮಾಂಸ, ಉತ್ತರದ ಸೊನೋರಾ ಕಡೆಯಾದರೆ ಗೋಧಿ ಟೋರ್ಟಿಯಾ (ಟ್ಯಾಕೋದ ತೆಳು ರೊಟ್ಟಿ), ಜೊತೆಗೆ ಬೆಣ್ಣೆಹಣ್ಣು ಅರೆದು ಮಾಡುವ ಗ್ವಾಕಮೋಲೆ. ಖಾರ ಕಡಿಮೆ, ಕೊಬ್ಬು ಜಾಸ್ತಿ, ಹಾಗಾಗಿ ಒಗರು ಇಲ್ಲಿ ಅಷ್ಟು ಕಾಡುವುದಿಲ್ಲ. ಆದರೂ ಗಾರ್ನಾಚಾ, ಎಳೆಯ ಟೆಂಪ್ರಾನಿಯೋ, ಬೋಜೊಲೆ, ಇಷ್ಟರಲ್ಲೇ ಇರಿ. ಸ್ಪೇನಿನ ಬಾಟಲಿಯ ಮೇಲೆ ಹೋವೆನ್ ಎಂದಿದ್ದರೆ ಮರದ ಪೀಪಾಯಿಯಲ್ಲಿ ಹೆಚ್ಚು ಕಾಲ ಇಡದ ಎಳೆಯ ವೈನ್ ಎಂದರ್ಥ, ಅದು ಒಳ್ಳೆಯದು. ಹಿಡಾಲ್ಗೋ ಕಡೆ ಕುರಿಯನ್ನು ಭೂತಾಳೆ ಜಾತಿಯ ಎಲೆ ಮುಚ್ಚಿ ನೆಲದ ಗುಂಡಿಯಲ್ಲಿ ಬೇಯಿಸುವ ಬಾರ್ಬಕೋವಾಗೆ ಮಾತ್ರ ಸ್ವಲ್ಪ ಗಟ್ಟಿ ಕೆಂಪು ವೈನ್ ತೆರೆದರೂ ನಡೆಯುತ್ತದೆ.

ಸಸ್ಯಾಹಾರಿಗಳು ಬೇಸರ ಪಡಬೇಡಿ. ಸುಟ್ಟ ಪೊಬ್ಲಾನೋ ಮೆಣಸಿನಕಾಯಿ ಸೀಳಿ ಕ್ರೀಮ್ ಹಾಕಿದ ರಾಹಾಸ್ ಟ್ಯಾಕೋಗೆ ಪೀಪಾಯಿಯ ವಾಸನೆ ಇಲ್ಲದ ಶಾರ್ಡನೆ ಚೆನ್ನ. ಅಣಬೆಯದಕ್ಕೆ ಪಿನೋ ನ್ವಾರ್. ಮೆಕ್ಕೆಜೋಳದ ಟೋರ್ಟಿಯಾಗೂ ಒಂದು ಗುಣವಿದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ ಅರೆಯುತ್ತಾರೆ (ಹೌದು, ಎಲೆ ಅಡಿಕೆಗೆ ಹಾಕುವ ಸುಣ್ಣವೇ). ಅದರಿಂದ ಬರುವ ಮಣ್ಣಿನಂಥ ಸಿಹಿ ಪರಿಮಳ ಬಿಳಿ ವೈನ್ ಜೊತೆ ಚೆನ್ನಾಗಿ ಹೊಂದುತ್ತದೆ.

ಬೆಂಗಳೂರಿನಲ್ಲಿರುವವರಿಗೆ ಮೊಸೆಲ್ ರೀಸ್ಲಿಂಗ್ ಜೇಬಿಗೆ ಭಾರ. ನಾಸಿಕ್‌ನ ಸುಲಾ ಶೆನಿನ್ ಬ್ಲಾಂಕ್‌ನಲ್ಲಿ ಸ್ವಲ್ಪ ಸಿಹಿ ಇದೆ, ಖಾರಕ್ಕೆ ಅದು ಸಾಕು. ಮೀನಿಗೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದ ಸೊವಿನ್ಯೋನ್ ಬ್ಲಾಂಕ್ ನೋಡಿ.

ಏನೇ ತಂದರೂ ತಣ್ಣಗೆ ಕೊಡಿ. ಬಿಳಿ ವೈನ್ 8ರಿಂದ 10 ಡಿಗ್ರಿ ಸೆಲ್ಸಿಯಸ್. ಕೆಂಪು ವೈನನ್ನೂ ಊಟಕ್ಕೆ ಅರ್ಧ ಗಂಟೆ ಮುಂಚೆ ಫ್ರಿಜ್‌ನಲ್ಲಿಡಿ, ಬೆಚ್ಚಗಿನ ವೈನ್‌ನಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಮನೆಗೆ ಹತ್ತು ಜನ ಬಂದು ಮೂರು ಥರ ಟ್ಯಾಕೋ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಬಾಟಲಿ ರೀಸ್ಲಿಂಗ್ ಅಥವಾ ಶೆನಿನ್, ಒಂದು ಬಾಟಲಿ ತಣ್ಣಗಿನ ಗಾರ್ನಾಚಾ. ಕುಡಿಯದವರಿಗೆ ಅಗ್ವಾ ದೆ ಹಮೈಕಾ ಮಾಡಿ. ನಮ್ಮ ಪುಂಡಿ ಜಾತಿಯ ಗಿಡದ ಹೂವಿನ ಬುಡದಲ್ಲಿರುವ ಕೆಂಪು ದಪ್ಪ ಎಸಳುಗಳನ್ನು ಕುದಿಸಿ, ಸೋಸಿ, ಸಕ್ಕರೆ ಹಾಕಿ ತಣಿಸಿದ ಪಾನಕ ಅದು. ಹುಳಿ, ಸಿಹಿ ಎರಡೂ ಇದೆ, ಆಲ್ಕೋಹಾಲ್ ಇಲ್ಲ. ಹಬನೇರೋ ಸುರಿದುಕೊಂಡವರು ಕೊನೆಗೆ ವೈನ್ ಲೋಟ ಪಕ್ಕಕ್ಕಿಟ್ಟು ಅದನ್ನೇ ಕೇಳುತ್ತಾರೆ, ಜಾಸ್ತಿ ಮಾಡಿಡಿ.