300 ಕೋಶಗಳ ಉಂಡೆ ಉದ್ದವಾದ ದಿನ

ಇಲಿಯ ಭ್ರೂಣ ನಾಲ್ಕೂವರೆ ದಿನಕ್ಕೆಲ್ಲ ಗರ್ಭಕೋಶದ ಗೋಡೆಯಲ್ಲಿ ಹುದುಗಲು ಶುರುಮಾಡುತ್ತದೆ. ತಲೆ ಯಾವ ಕಡೆ, ಬಾಲ ಯಾವ ಕಡೆ ಅನ್ನುವುದು ಎದ್ದು ಕಾಣುವುದು ಆರೂವರೆ ದಿನದ ಸುಮಾರಿಗೆ. ಅಂದರೆ ನೋಡಬೇಕಾದ ಹೊತ್ತಿಗೇ ಅದು ಕಣ್ಣಿಗೆ ಸಿಗುವುದಿಲ್ಲ. ಹೊರತೆಗೆದು ನೋಡಬಹುದು, ಆದರೆ ಪ್ರತಿ ಸಲ ಒಂದು ತಾಯಿ ಇಲಿ ಹೋಗುತ್ತದೆ. ಅದು ನನಗೆ ಎಂದೂ ರೂಢಿಯಾಗಲಿಲ್ಲ. ಹಾಗಾಗಿ ಗ್ಯಾಸ್ಟ್ರುಲಾಯ್ಡ್, ಅಂದರೆ ಕಾಂಡಕೋಶಗಳಿಂದ ಕಟ್ಟಿದ ಭ್ರೂಣದಂಥ ಉಂಡೆ, ಬೆಳೆಸಲು ಕೂತೆ.

2014ರಲ್ಲಿ ಕೇಂಬ್ರಿಜ್‌ನ ಅಲ್ಫೊನ್ಸೊ ಮಾರ್ಟಿನೆಜ್ ಅರಿಯಾಸ್ ಅವರ ತಂಡ ತೋರಿಸಿಕೊಟ್ಟ ದಾರಿ ಇದು. ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಇಲಿಯ ಕಾಂಡಕೋಶಗಳನ್ನು ಸುಮಾರು 300ರಂತೆ ಒಟ್ಟಿಗೆ ಬಿಟ್ಟರೆ ಉಂಡೆ ಕಟ್ಟುತ್ತವೆ. ಐದು ದಿನದಲ್ಲಿ ಆ ಉಂಡೆ ಒಂದು ಕಡೆಗೆ ಉದ್ದ ಬೆಳೆಯುತ್ತದೆ.

ಪ್ಲೇಟಿನಲ್ಲಿ ಅಳಗುಳಿಮಣೆಯ ಹಾಗೆ ಗುಂಡು ತಳದ 96 ಗುಳಿಗಳು. ಒಂದೊಂದಕ್ಕೂ ಕೋಶಗಳಿರುವ ಮೀಡಿಯಂ, ಅಂದರೆ ಪೋಷಕ ದ್ರವ, 40 ಮೈಕ್ರೋಲೀಟರ್. 48 ಗಂಟೆ ಆದ ಮೇಲೆ ಚಿರಾನ್ ಎಂಬ ರಾಸಾಯನಿಕ ಬೆರೆಸಿದ ಮೀಡಿಯಂ 150 ಮೈಕ್ರೋಲೀಟರ್ ಹಾಕಬೇಕು. ಮರುದಿನ ಅದನ್ನು ತೆಗೆದು ಬರೀ ಮೀಡಿಯಂ. ತೆಗೆಯುವಾಗಲೇ ಜೀವ ಕೈಯಲ್ಲಿರುತ್ತದೆ. ಪಿಪೆಟ್ಟಿನ ತುದಿಯನ್ನು ಗುಳಿಯ ಗೋಡೆಗೆ ಒರಗಿಸಿ, ಮೆಲ್ಲಗೆ ಎಳೆಯಬೇಕು. ಸ್ವಲ್ಪ ಅವಸರ ಮಾಡಿದರೂ ಉಂಡೆ ಒಳಗೆ ಹೋಗಿಬಿಡುತ್ತದೆ. ಹಾಕುವಾಗ ಮಾತ್ರ ಒಂಚೂರು ರಭಸ ಇರಲಿ, ತಳಕ್ಕೆ ಅಂಟಿದ ಉಂಡೆ ಏಳುತ್ತದೆ.

ನನ್ನ ಮೊದಲ ಮೂರು ಪ್ಲೇಟುಗಳಲ್ಲಿ ಉಂಡೆಗಳು ಉಂಡೆಗಳಾಗಿಯೇ ಉಳಿದವು. ಚಿರಾನ್ ಹಳೆಯದಾಗಿದೆ ಅಂದುಕೊಂಡು ಹೊಸದು ತರಿಸಿದೆ, ಪ್ರಯೋಜನ ಆಗಲಿಲ್ಲ. ತಪ್ಪು ನಾನು ಕೋಶಗಳನ್ನು ತೊಳೆಯುವುದರಲ್ಲಿತ್ತು. ಕಾಂಡಕೋಶಗಳು ಬೇರೆ ರೂಪಕ್ಕೆ ತಿರುಗದಂತೆ ಅವುಗಳ ಮೀಡಿಯಂನಲ್ಲಿ ಲಿಫ್ ಎಂಬ ಪ್ರೋಟೀನ್ ಇರುತ್ತದೆ, ಜೊತೆಗೆ ಸೀರಮ್ಮೂ ಇರುತ್ತದೆ. ಅದರ ಶೇಷ ಉಳಿದರೆ ಕೋಶ ಹೇಗೆ ಬದಲಾದೀತು, ಅಲ್ವಾ? ಪಿಬಿಎಸ್ ಎಂಬ ಬೆಚ್ಚಗಿನ ಉಪ್ಪಿನ ದ್ರಾವಣದಲ್ಲಿ ಎರಡು ಸಲ ಪೂರ್ತಿ ತೊಳೆದೆ. ಎಣಿಕೆಯನ್ನೂ ಬಿಗಿ ಮಾಡಿದೆ: ಮಿಲಿಲೀಟರಿಗೆ 7,500 ಕೋಶ, ಜಾಸ್ತಿ ಬೇಡ, ಕಡಿಮೆಯೂ ಬೇಡ.

ನಾಲ್ಕನೇ ಪ್ಲೇಟ್, 120ನೇ ಗಂಟೆ. ಸೂಕ್ಷ್ಮದರ್ಶಕದಡಿ ಇಟ್ಟೆ. ರಾಗಿ ಕಾಳಿಗಿಂತ ಚಿಕ್ಕದೊಂದು ಮೊಗ್ಗು, ಉದ್ದಕ್ಕೆ ಚಾಚಿತ್ತು. ಬ್ರಾಕಿಯೂರಿ ಎಂಬ ಬಾಲದ ಕಡೆಯ ಜೀನ್ ಎಚ್ಚರವಾದಲ್ಲಿ ಹಸಿರು ಬೆಳಗುವ ಕೋಶಗಳು ನಮ್ಮವು. ಹಸಿರು ಒಂದೇ ತುದಿಯಲ್ಲಿತ್ತು. ಅದೇ ಬಾಲದ ಕಡೆ. ಯಾರೂ ಹೇಳಿಕೊಡದೆ ಆ ಕೋಶಗಳು ದಿಕ್ಕು ಹುಡುಕಿಕೊಂಡಿದ್ದವು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಇದು ಭ್ರೂಣವಲ್ಲ. ಜರಾಯು ಆಗುವ ಕೋಶಗಳು ಇದರಲ್ಲಿಲ್ಲ, ಮುಂಮೆದುಳೂ ಮೂಡುವುದಿಲ್ಲ. ಆ ಪ್ರಶ್ನೆಗಳಿಗೆ ಈಗಲೂ ಇಲಿಯ ಭ್ರೂಣವನ್ನೇ ನೋಡುತ್ತೇನೆ. ಬಾಲದ ಕಡೆಯ ಪ್ರಶ್ನೆಗಳಿಗೆ ಮಾತ್ರ ಪ್ಲೇಟ್ ಸಾಕಾಗಿದೆ.