ಕ್ಯಾಪ್ಸೂಲ್ ಬಿಟ್ಟು ತಟ್ಟೆಗೆ ಬಂದೆ

ಆಹಾರ ಸಲಹೆ ಕೊಡುವುದೇ ನನ್ನ ವೃತ್ತಿ. ಆರು ವರ್ಷ ದಿನಕ್ಕೊಂದು ವಿಟಮಿನ್ ಇ ಕ್ಯಾಪ್ಸೂಲ್ ನುಂಗಿದೆ, ಕೇಳಿದವರಿಗೂ ‘ತಗೊಳ್ಳಿ, ರಕ್ತನಾಳಕ್ಕೆ ಒಳ್ಳೇದು’ ಅಂದೆ. ಆಮೇಲೊಂದು ದಿನ ಕುತ್ತಿಗೆಯ ಅಲ್ಟ್ರಾಸೌಂಡ್‌ನಲ್ಲಿ ನನ್ನದೇ ಅಪಧಮನಿಯ ಗೋಡೆಯಲ್ಲಿ ಸಣ್ಣ ಪ್ಲಾಕ್, ಅಂದರೆ ಕೊಬ್ಬಿನ ಗಂಟು, ಕಾಣಿಸಿತು. ಹೃದ್ರೋಗ ತಜ್ಞರು ನನ್ನ ಮಾತ್ರೆಗಳ ಪಟ್ಟಿ ನೋಡಿ, ‘ಇದನ್ನ ಯಾಕೆ ತಗೋತಿದೀರಿ ಮೇಡಂ?’ ಎಂದರು. ಹೇಳಲು ಹೊರಟ ಉತ್ತರ ಎಷ್ಟು ಹಳತಾಗಿದೆ ಅಂತ ಬಾಯಿ ತೆರೆದಾಗಲೇ ಹೊಳೆದದ್ದು.

ಆ ಉತ್ತರ ಹೀಗೆ. ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಕಣಗಳು ನಾಳದ ಗೋಡೆಯೊಳಗೆ ನುಸುಳಿ ಅಲ್ಲಿ ಆಕ್ಸಿಡೀಕರಣಗೊಳ್ಳುತ್ತವೆ. ಹಾಗೆ ಕೆಟ್ಟ ಕಣಗಳನ್ನು ಮ್ಯಾಕ್ರೋಫೇಜ್ ಎಂಬ ಕೋಶಗಳು ಮಿತಿಯಿಲ್ಲದೆ ನುಂಗಿ, ಕೊಬ್ಬು ತುಂಬಿ ನೊರೆಯಂತೆ ಉಬ್ಬುತ್ತವೆ. ಪ್ಲಾಕ್ ಶುರುವಾಗುವುದೇ ಅಲ್ಲಿಂದ. ವಿಜ್ಞಾನಿ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಈ ವಾದವನ್ನು ಮುಂದಿಟ್ಟರು. ವಿಟಮಿನ್ ಇ ಆಂಟಿಆಕ್ಸಿಡೆಂಟ್, ಅಂದರೆ ಆಕ್ಸಿಡೀಕರಣ ತಡೆಯುವ ವಸ್ತು; ಹಾಗಾಗಿ ಅದು ಪ್ಲಾಕನ್ನೂ ತಡೆದೀತು ಎಂಬ ನಂಬಿಕೆ. 1993ರಲ್ಲಿ ನೆದರ್‌ಲೆಂಡ್ಸ್‌ನ ಜುಟ್‌ಫೆನ್ ಊರಿನ 805 ಹಿರಿಯ ಗಂಡಸರ ಅಧ್ಯಯನ ಬಂತು: ಟೀ, ಈರುಳ್ಳಿ, ಸೇಬಿನಿಂದ ಫ್ಲೇವನಾಯ್ಡ್ ಎಂಬ ಆಂಟಿಆಕ್ಸಿಡೆಂಟ್ ಸಸ್ಯಸತ್ವ ಹೆಚ್ಚು ಪಡೆದವರಲ್ಲಿ ಹೃದ್ರೋಗದ ಸಾವು ಕಡಿಮೆ. ಹಾಗಾದರೆ ಅದರ ಸತ್ವವನ್ನೇ ಮಾತ್ರೆ ಮಾಡಿ ನುಂಗಿದರಾಯ್ತಲ್ಲ! ನಾನೂ ಹಾಗೇ ಅಂದುಕೊಂಡವಳು.

ಆಗಲಿಲ್ಲ. 2002ರ ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯಲ್ಲಿ 20,536 ಜನರಲ್ಲಿ ಅರ್ಧದಷ್ಟು ಮಂದಿಗೆ ವಿಟಮಿನ್ ಇ, ಸಿ, ಬೀಟಾ ಕ್ಯಾರೋಟಿನ್ ಕೊಟ್ಟರು. ರಕ್ತದಲ್ಲಿ ವಿಟಮಿನ್ ಏರಿತು, ಹೃದಯಾಘಾತ ಇಳಿಯಲಿಲ್ಲ. ಅದೇ ಅಧ್ಯಯನದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳಲ್ಲೊಂದಾದ ಸಿಮ್ವಾಸ್ಟಾಟಿನ್ ಕೆಲಸ ಮಾಡಿತು. ಅದಕ್ಕೂ ಮೊದಲೇ, 1994ರಲ್ಲಿ, ಬೀಟಾ ಕ್ಯಾರೋಟಿನ್ ನುಂಗಿದ ಫಿನ್‌ಲೆಂಡಿನ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತ್ತು. ಇಷ್ಟನ್ನೂ ನಾನು ಓದಿದ್ದೆ, ಓದಿಯೂ ಕ್ಯಾಪ್ಸೂಲ್ ಬಿಟ್ಟಿರಲಿಲ್ಲ. ಅಭ್ಯಾಸ ಅಂದರೆ ಹಾಗೆ.

ಅವತ್ತೇ ಕ್ಯಾಪ್ಸೂಲ್ ನಿಲ್ಲಿಸಿದೆ. ನಿಲ್ಲಿಸಿ ಇನ್ನೊಂದು ತಪ್ಪು ಮಾಡಿದೆ: ಯಾವ ಹಣ್ಣಿನಲ್ಲಿ ಆಂಟಿಆಕ್ಸಿಡೆಂಟ್ ಅಂಕ ಹೆಚ್ಚು ಎಂದು ಪಟ್ಟಿ ಹಿಡಿದು ಬೆರಿ ಪುಡಿಗಳನ್ನು ತರಿಸತೊಡಗಿದೆ. ಓಆರ್‌ಎಸಿ ಎಂಬ ಆ ಅಂಕಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ತೆಗೆದುಹಾಕಿತ್ತು. ಪರೀಕ್ಷಾ ನಳಿಕೆಯಲ್ಲಿ ಸಿಕ್ಕ ಅಂಕಕ್ಕೂ ದೇಹದೊಳಗಿನ ಕೆಲಸಕ್ಕೂ ಸಂಬಂಧ ಕಟ್ಟಲಾಗದು. ಪಾಲಿಫೀನಾಲ್‌ಗಳು (ಫ್ಲೇವನಾಯ್ಡ್‌ನಂಥ ಸಸ್ಯಸತ್ವಗಳು) ರಕ್ತಕ್ಕೆ ಸೇರುವುದೇ ಅಲ್ಪ, ಸೇರಿದ್ದನ್ನೂ ಯಕೃತ್ತು ಬೇಗ ಬದಲಿಸಿಬಿಡುತ್ತದೆ. ಉಳಿದದ್ದು ಕರುಳಿನ ಬ್ಯಾಕ್ಟೀರಿಯಾಗಳ ಪಾಲು.

ಗಿಡಮೂಲದ ಆಹಾರ ನಾಳಕ್ಕೆ ಒಳ್ಳೆಯದು ಎಂಬುದಂತೂ ಸುಳ್ಳಲ್ಲ, ದಾರಿ ಮಾತ್ರ ಬೇರೆ. ಕರಗುವ ನಾರು ಕೊಲೆಸ್ಟ್ರಾಲ್ ಇಳಿಸುತ್ತದೆ, ಪೊಟ್ಯಾಸಿಯಂ ರಕ್ತದೊತ್ತಡ ಇಳಿಸುತ್ತದೆ. ನನಗೆ ಅತಿ ಮೋಜೆನಿಸಿದ್ದು ಸೊಪ್ಪು, ಬೀಟ್‌ರೂಟಿನ ನೈಟ್ರೇಟ್. ಅದು ಜೊಲ್ಲಿನ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ಮಾಡಿಕೊಂಡು ನಾಳವನ್ನು ಸಡಿಲಗೊಳಿಸುತ್ತದೆ. ಸೊಪ್ಪು ತಿಂದು, ಸೂಕ್ಷ್ಮಾಣು ಕೊಲ್ಲುವ ಮೌತ್‌ವಾಶ್‌ನಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ನಾನು ಈ ಸರಪಳಿಯನ್ನು ದಿನಾ ತುಂಡರಿಸುತ್ತಿದ್ದೆ. ಅದನ್ನೂ ಬಿಟ್ಟೆ.

ಆಮೇಲೆ ತಕ್ಕಡಿ ಹಿಡಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ. ಊರಿಗೆಲ್ಲ ಹೇಳುವ ನಾನು ಒಂದು ವಾರ ತೂಗಿ ನೋಡಿದರೆ 250ರ ಆಸುಪಾಸು! ಬೇರೆ ಯಾವ ಪುಡಿಗಿಂತ ಈ ಒಂದು ವಾರ ನನಗೆ ಹೆಚ್ಚು ಉಪಕಾರ ಮಾಡಿತು. ತಟ್ಟೆಯ ಅರ್ಧ ತರಕಾರಿಗೆ ಬಿಟ್ಟೆ. ಸೊಪ್ಪು, ಕ್ಯಾರೆಟ್ಟಿಗೆ ಸ್ವಲ್ಪ ಎಣ್ಣೆ ಸೇರಿಸಿದೆ, ಕೊಬ್ಬಿಲ್ಲದೆ ಅವುಗಳ ಕ್ಯಾರೋಟಿನಾಯ್ಡ್ ಎಂಬ ಬಣ್ಣದ ಸತ್ವ ಸರಿಯಾಗಿ ಹೀರಲ್ಪಡುವುದಿಲ್ಲ. ಟೊಮೇಟೊ ಬೇಯಿಸಿಯೇ ತಿಂದೆ, ಬೆಂದಾಗ ಅದರ ಕೆಂಪು ಬಣ್ಣದ ಸತ್ವವಾದ ಲೈಕೋಪೀನ್ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಬಿಸ್ಕೆಟ್ ಬದಲು ಉಪ್ಪಿಲ್ಲದ ಬಾದಾಮಿ, ಬೆಣ್ಣೆಯ ಬದಲು ಎಣ್ಣೆ. ‘ಬದಲು’ ಅನ್ನುವುದೇ ಮುಖ್ಯ. ಮೊದಲಿನದ್ದೆಲ್ಲ ತಿಂದು ಅದರ ಮೇಲೆ ಬಾದಾಮಿ ಹಾಕಿಕೊಂಡರೆ ತೂಕ ಏರುತ್ತದೆ, ಅಷ್ಟೆ.

ನಾಲ್ಕು ತಿಂಗಳಿಗೆ ನನ್ನ ಎಲ್‌ಡಿಎಲ್ 148ರಿಂದ 131ಕ್ಕೆ ಬಂತು. ಖುಷಿಯಾಯಿತು, ಆದರೆ ಪ್ಲಾಕ್ ಇರುವವಳಿಗೆ ಅದು ಸಾಲದು. ಸ್ಟಾಟಿನ್ ಶುರು ಮಾಡಿದೆ. ತರಕಾರಿ ತಿನ್ನುತ್ತೇನೆ ಅಂತ ಮಾತ್ರೆ ಬಿಡುವವರನ್ನು ಕಂಡಾಗ ಈಗಲೂ ಸಿಟ್ಟು ಬರುತ್ತದೆ. ಗಿಡದ ಆಹಾರ ಅಂದರೆ ಅಪಾಯವೇ ಇಲ್ಲ ಎಂದೂ ಅಲ್ಲ: ಗ್ರೇಪ್‌ಫ್ರೂಟ್ ರಸ ಕೆಲವು ಸ್ಟಾಟಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಸೊಪ್ಪನ್ನು ಒಂದು ದಿನ ರಾಶಿ, ಮರುದಿನ ಸೊನ್ನೆ ಮಾಡದೆ ದಿನಾ ಒಂದೇ ಪ್ರಮಾಣದಲ್ಲಿ ತಿನ್ನಬೇಕು.

ಎರಡು ವರ್ಷದ ನಂತರದ ಸ್ಕ್ಯಾನ್‌ನಲ್ಲಿ ಪ್ಲಾಕ್ ಮೊದಲಿನಷ್ಟೇ ಇತ್ತು, ಬೆಳೆದಿರಲಿಲ್ಲ. ಮಾತ್ರೆಯಿಂದಲೋ ತಟ್ಟೆಯಿಂದಲೋ ಎಂದು ಒಂದೇ ದೇಹದಲ್ಲಿ ಬಿಡಿಸಿ ನೋಡಲಾಗುವುದಿಲ್ಲ. ಡಾಕ್ಟರರು ಮಾತ್ರೆ ಅನ್ನುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ, ತಕ್ಕಡಿಯನ್ನು ಅಡುಗೆಮನೆಯಿಂದ ತೆಗೆಯುವುದೂ ಇಲ್ಲ.