ಗೂಬೆ ಯಾರ ತಲೆಯ ಮೇಲೆ: 205–228ರ ಲೆಕ್ಕ ಬಿಡಿಸುವ ನನ್ನ ಕ್ರಮ

2008ರ ಸೆಪ್ಟೆಂಬರ್ 29, ಸೋಮವಾರ. ಅಮೆರಿಕದ ಕೆಳಮನೆಯಲ್ಲಿ 70,000 ಕೋಟಿ ಡಾಲರ್‌ಗಳ ಬ್ಯಾಂಕ್ ರಕ್ಷಣಾ ಮಸೂದೆ 205–228ರಲ್ಲಿ ಬಿದ್ದುಹೋಯಿತು. ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿ ಆಗಿನ್ನೂ ಎರಡು ವಾರ. ಫಲಿತಾಂಶದ ಬೆನ್ನಿಗೇ ದೂರುಗಳು ಹೊರಬಿದ್ದವು. ಮತದಾನಕ್ಕೆ ಸ್ವಲ್ಪ ಮುಂಚೆ ಸ್ಪೀಕರ್ ನ್ಯಾನ್ಸಿ ಪೆಲೋಸಿ ಬುಷ್ ಆಡಳಿತದ ಆರ್ಥಿಕ ನೀತಿಯನ್ನು ಜರೆದು ಭಾಷಣ ಮಾಡಿದ್ದರು. ಆ ಭಾಷಣದಿಂದಲೇ ನಮ್ಮವರು ಕೈಕೊಟ್ಟರು ಎಂದರು ರಿಪಬ್ಲಿಕನ್ ನಾಯಕರಾದ ಜಾನ್ ಬೇನರ್, ರಾಯ್ ಬ್ಲಂಟ್ ಮತ್ತು ಎರಿಕ್ ಕ್ಯಾಂಟರ್. ನಿಮ್ಮದೇ ಅಧ್ಯಕ್ಷರ ಮಸೂದೆಗೆ ನಿಮ್ಮಲ್ಲೇ ಮೂರರಲ್ಲಿ ಎರಡು ಪಾಲು ಜನ ವಿರುದ್ಧ ಹಾಕಿದ್ದೀರಿ ಎಂದರು ಡೆಮಾಕ್ರಟರು. ಬಹುಮತ ನಿಮ್ಮದು, 235 ಜನರಿದ್ದೂ ಯಾಕೆ ಪಾಸು ಮಾಡಲಿಲ್ಲ ಎಂಬ ಮರುಪ್ರಶ್ನೆ ಅತ್ತಲಿಂದ ಬಂತು.

ಇಂಥ ಮಾತುಗಳನ್ನು ನಾನು ಮೊದಲು ಅಂಕಿಗೆ ಇಳಿಸುತ್ತೇನೆ, ಆಮೇಲೆ ಬರೆಯುತ್ತೇನೆ. ಇಬ್ಬರ ಹೇಳಿಕೆಯನ್ನೂ ಅಕ್ಕಪಕ್ಕ ಅಚ್ಚು ಹಾಕಿ ತೀರ್ಪು ಓದುಗರಿಗೆ ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಂತೆ. ದೂರಿನ ಒಳಗೆ ಯಾವಾಗಲೂ ಒಂದು ಸಂಖ್ಯೆ ಅಡಗಿರುತ್ತದೆ, ಅದನ್ನು ಎತ್ತಿ ಪರೀಕ್ಷಿಸಲು ದಾಖಲೆಯೂ ಇರುತ್ತದೆ.

ಮೊದಲ ತೊಡಕು ಸರಿಯಾದ ದಾಖಲೆ ಹುಡುಕುವುದು. ಮಸೂದೆಯ ಹೆಸರಿನಿಂದ ಹುಡುಕಿದರೆ ದಾರಿ ತಪ್ಪುತ್ತದೆ. ಅಂದು ಬಿದ್ದದ್ದು ಎಚ್.ಆರ್. 3997 (ಎಚ್.ಆರ್. ಎಂದರೆ ಕೆಳಮನೆಯ ಮಸೂದೆ). ಅದು ಮೂಲತಃ ಸೈನಿಕರಿಗೆ ತೆರಿಗೆ ರಿಯಾಯಿತಿ ಕೊಡುವ ಹಳೆಯ ಮಸೂದೆ, ಅದರ ಒಡಲೊಳಗೆ ರಕ್ಷಣಾ ಯೋಜನೆಯನ್ನು ತುಂಬಿದ್ದರು. ಯೋಜನೆ ಮತ್ತೆ ಮತಕ್ಕೆ ಬಂದು ಅದೇ ವಾರದ ಶುಕ್ರವಾರ, ಅಕ್ಟೋಬರ್ 3ರಂದು, ಪಾಸಾದದ್ದು ಬೇರೆಯೇ ಮಸೂದೆಯಲ್ಲಿ: ಎಚ್.ಆರ್. 1424, ಮಾನಸಿಕ ಚಿಕಿತ್ಸೆಯ ವಿಮೆಗೆ ಸಂಬಂಧಿಸಿದ್ದು. ಹಣ ಎತ್ತುವ ಮಸೂದೆ ಕೆಳಮನೆಯಲ್ಲೇ ಹುಟ್ಟಬೇಕು ಎಂಬುದು ಅಲ್ಲಿನ ಸಂವಿಧಾನದ ಕಟ್ಟಳೆ. ಹಾಗಾಗಿ ಕೆಳಮನೆ ಮೊದಲೇ ಕಳಿಸಿಕೊಟ್ಟಿದ್ದ ಒಂದು ಮಸೂದೆಯನ್ನೇ ಮೇಲ್ಮನೆಯಾದ ಸೆನೆಟ್ ಗಾಡಿಯಾಗಿ ಬಳಸಿತು. ಇದರಿಂದ ನಾನು ಹಿಡಿಯುವುದು ಮತದಾನದ ಕ್ರಮಸಂಖ್ಯೆಯನ್ನು: ಸೆಪ್ಟೆಂಬರ್ 29ರದ್ದು 674, ಅಕ್ಟೋಬರ್ 3ರದ್ದು 681. ಸದನದ ಮುಂದಿದ್ದ ಪ್ರಶ್ನೆ ಏನೆಂಬ ಸಾಲನ್ನೂ ಓದಬೇಕು. ಎರಡೂ ದಿನ ಅದು ‘ಅಂಗೀಕಾರ’ ಎಂಬ ಪದದಲ್ಲಿ ಇರಲಿಲ್ಲ, ಸೆನೆಟ್ ತಿದ್ದುಪಡಿಗೆ ಒಪ್ಪುವ ಪ್ರಶ್ನೆಯಾಗಿತ್ತು. ‘ಅಂಗೀಕಾರ’ ಎಂದು ಸೋಸಿ ಹುಡುಕುವವರಿಗೆ ಎರಡೂ ಸಿಗುವುದಿಲ್ಲ.

ಇನ್ನು ಹಾಳೆ. ಎಕ್ಸೆಲ್‌ನಲ್ಲಿ ಒಬ್ಬ ಸದಸ್ಯನಿಗೆ ಒಂದು ಸಾಲು. ಕಾಲಂಗಳು: ಗುರುತು ಸಂಖ್ಯೆ, ಹೆಸರು, ಪಕ್ಷ, ರಾಜ್ಯ, ಕ್ಷೇತ್ರ, ಸೋಮವಾರದ ಮತ, ಶುಕ್ರವಾರದ ಮತ, ಮರುಸ್ಪರ್ಧೆ ಇದೆಯೋ ಇಲ್ಲವೋ, ಮತದಾನಕ್ಕೆ ಮೊದಲು ಆ ಕ್ಷೇತ್ರದ ಪೈಪೋಟಿ ಎಷ್ಟು ಬಿಗಿ ಎಂದು ವಿಶ್ಲೇಷಕರು ಕೊಟ್ಟಿದ್ದ ದರ್ಜೆ. ಇಲ್ಲಿ ಮೂರು ಕಡೆ ಕೈ ಸುಡುತ್ತದೆ. ಸದನದ ಕ್ಲರ್ಕ್ ಕಚೇರಿಯ ಹಳೆಯ ನಮೂನೆಯ ಪುಟದಲ್ಲಿ ರಿಪಬ್ಲಿಕನ್ ಹೆಸರುಗಳು ನೆಟ್ಟಗಿನ ಅಕ್ಷರದಲ್ಲಿ, ಡೆಮಾಕ್ರಟ್ ಹೆಸರುಗಳು ಓರೆ ಅಕ್ಷರದಲ್ಲಿ ಇರುತ್ತವೆ. ಪಕ್ಷದ ಗುರುತು ಅಷ್ಟೇ. ಪುಟವನ್ನು ನಕಲು ಮಾಡಿ ಹಾಳೆಗೆ ಅಂಟಿಸಿದ ಕೂಡಲೇ ಓರೆ ಹೋಗುತ್ತದೆ, ಅದರೊಂದಿಗೆ ಪಕ್ಷವೂ ಹೋಗುತ್ತದೆ. ಅದಕ್ಕೇ ಕಂಪ್ಯೂಟರ್ ಓದಬಲ್ಲ ಎಕ್ಸ್‌ಎಂಎಲ್ ಕಡತವನ್ನೇ ಇಳಿಸಿಕೊಳ್ಳಬೇಕು, ಅದರಲ್ಲಿ ಪಕ್ಷ ಪ್ರತ್ಯೇಕವಾಗಿ ನಮೂದಾಗಿರುತ್ತದೆ. ಎರಡನೆಯದು ಹೆಸರು. ಆ ಸದನದಲ್ಲಿ ಡೇವಿಸ್ ಎಂಬ ಅಡ್ಡಹೆಸರಿನವರೇ ಹಲವರಿದ್ದರು. ಹೆಸರು ನೋಡಿ ಎರಡು ಮತದಾನಗಳನ್ನು ಜೋಡಿಸಿದರೆ ಒಬ್ಬರ ಮತ ಇನ್ನೊಬ್ಬರ ಲೆಕ್ಕಕ್ಕೆ ಬೀಳುತ್ತದೆ, ಗುರುತು ಸಂಖ್ಯೆ ಹಿಡಿದೇ ಜೋಡಿಸಬೇಕು. ಮೂರನೆಯದು, ಕೆಲವು ಮತದಾನಗಳಲ್ಲಿ ‘ಯೇ–ನೇ’ ಎಂದೂ ಕೆಲವದರಲ್ಲಿ ‘ಐ–ನೋ’ ಎಂದೂ ದಾಖಲಾಗಿರುತ್ತದೆ. ಎರಡನ್ನೂ ‘ಪರ–ವಿರುದ್ಧ’ ಎಂದು ಒಂದೇ ಮಾಡಿಕೊಳ್ಳದೆ ಸೂತ್ರ ಹಾಕಿದರೆ ನೂರಾರು ಮತ ಸೊನ್ನೆಯಾಗುತ್ತದೆ.

ಆಮೇಲೆ ತಾಳೆ. ಡೆಮಾಕ್ರಟ್ 140 ಪರ, 95 ವಿರುದ್ಧ, ಒಟ್ಟು 235. ರಿಪಬ್ಲಿಕನ್ 65 ಪರ, 133 ವಿರುದ್ಧ, ಮತ ಹಾಕದವರು 1, ಒಟ್ಟು 199. ಎರಡೂ ಸೇರಿ 434, ಒಂದು ಸ್ಥಾನ ಖಾಲಿ ಇತ್ತು, ಅಲ್ಲಿಗೆ 435. ಈ ಮೊತ್ತ ಕೂಡುವವರೆಗೆ ಮುಂದಕ್ಕೆ ಹೋಗಬಾರದು. ಸ್ಪೀಕರ್ ಸಾಮಾನ್ಯವಾಗಿ ಮತ ಹಾಕುವುದಿಲ್ಲ. ಅಂದು ಪೆಲೋಸಿಯೂ ಹಾಕಿದ್ದರೆಂದು ಈ 235 ತಾನಾಗಿಯೇ ಹೇಳುತ್ತದೆ.

ಈಗ ಆ ಪ್ರಸಿದ್ಧ 12. ಭಾಷಣ ಇಲ್ಲದಿದ್ದರೆ ಇನ್ನೊಂದು ಡಜನ್ ಮತ ಬರುತ್ತಿತ್ತು ಎಂಬುದು ರಿಪಬ್ಲಿಕನ್ ನಾಯಕರ ವಾದ. ಹಣಕಾಸು ಸೇವೆಗಳ ಸಮಿತಿಯ ಅಧ್ಯಕ್ಷ ಬಾರ್ನಿ ಫ್ರ್ಯಾಂಕ್, ಹಾಗಾದರೆ ಆ 12 ಜನರ ಹೆಸರು ಕೊಡಿ, ನಾನೇ ಹೋಗಿ ಅವರೊಡನೆ ನಯವಾಗಿ ಮಾತಾಡುತ್ತೇನೆ ಎಂದು ತಿರುಗೇಟು ಕೊಟ್ಟರು. ಅಂತರ 23 ಇರುವಾಗ 12 ಎಲ್ಲಿಂದ ಬಂತು? ಮತ ಹಾಕಿದವರು 433, ಬೇಕಾದದ್ದು 217. 205ಕ್ಕೆ 12 ಕೂಡಿದರೆ 217, ಅತ್ತ 228ರಲ್ಲಿ 12 ಕಳೆದರೆ 216. ಒಬ್ಬ ಮನಸ್ಸು ಬದಲಿಸಿದರೆ ಅಂತರ ಎರಡು ಕುಗ್ಗುತ್ತದೆ. ‘23 ಮತ ಕಡಿಮೆ ಬಿತ್ತು’ ಎಂದು ಬರೆಯುವುದು ಹಲವರು ಮಾಡುವ ತಪ್ಪು. ಅದೇ, ವಿರುದ್ಧ ಹಾಕಿದವರು ಬರೀ ಗೈರಾಗಿದ್ದರೆ 12 ಸಾಲದು, 24 ಜನ ಗೈರಾಗಬೇಕು. 23 ಜನ ಗೈರಾದರೆ 205–205, ಸಮಬಲವಾದರೆ ಮಸೂದೆ ಬಿದ್ದಂತೆಯೇ.

ಶೇಕಡಾವಾರಿನಲ್ಲಿ ಎರಡೂ ಪಕ್ಷಗಳು ತಮಗೆ ಬೇಕಾದ ಛೇದ ಹಿಡಿದುಕೊಂಡಿದ್ದವು. ಮತ ಹಾಕಿದ ರಿಪಬ್ಲಿಕನ್ನರಲ್ಲಿ ಶೇ. 67 ವಿರುದ್ಧ, ಡೆಮಾಕ್ರಟರಲ್ಲಿ ಶೇ. 40. ಆದರೆ ವಿರುದ್ಧ ಬಿದ್ದ 228ನ್ನೇ ಹಂಚಿದರೆ ಶೇ. 58 ಮತ್ತು 42, ಅಂತರ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಇಲ್ಲಿ ಮೊದಲ ಲೆಕ್ಕವೇ ನ್ಯಾಯ ಎಂಬುದು ನನ್ನ ಅಭಿಪ್ರಾಯ. ಎರಡೂ ಕಡೆಯ ನಾಯಕರು ಸೇರಿ ಒಪ್ಪಿದ ಮಸೂದೆ ಅದು, ಯಾರು ತಮ್ಮವರಲ್ಲಿ ಎಷ್ಟು ಪಾಲು ತಂದರು ಎಂಬುದೇ ಅಳತೆ. ಹಾಗೆಂದು 95 ಸಣ್ಣ ಸಂಖ್ಯೆಯಲ್ಲ. ಅದರಲ್ಲಿ ಎಂಟರಲ್ಲಿ ಒಂದು ಪಾಲು ತಿರುಗಿದ್ದರೂ ಸಾಕಾಗಿತ್ತು.

ಭಾಷಣದ ದೂರನ್ನು ಪರೀಕ್ಷಿಸುವುದು ಎಲ್ಲಕ್ಕಿಂತ ಕಷ್ಟ, ಹೆಚ್ಚು ಹೊತ್ತು ಬೇಡುವುದೂ ಅದೇ. ಭಾಷಣಕ್ಕೆ ಮೊದಲೇ ವಿರೋಧ ಘೋಷಿಸಿದ್ದವರನ್ನು ದಿನಾಂಕ ಸಮೇತ ಗುರುತು ಹಾಕಿಕೊಳ್ಳುವುದು ಮೊದಲ ಹೆಜ್ಜೆ: ಪತ್ರಿಕಾ ಹೇಳಿಕೆ, ಸದನದ ಚರ್ಚೆಯ ದಾಖಲೆ, ಊರಿನ ಪತ್ರಿಕೆಗೆ ಕೊಟ್ಟ ಮಾತು. ಅವರನ್ನು ಭಾಷಣದ ಲೆಕ್ಕದಿಂದ ಹೊರಗಿಡಬೇಕು. ಉಳಿದವರಷ್ಟೇ ಆ 12ಕ್ಕೆ ಅಭ್ಯರ್ಥಿಗಳು. ಮುಂದಿನದು ಶುಕ್ರವಾರದ ಮತದಾನ, 263–171. ಡೆಮಾಕ್ರಟ್ 172–63, ರಿಪಬ್ಲಿಕನ್ 91–108. ನಿವ್ವಳ ನೋಡಿದರೆ ರಿಪಬ್ಲಿಕನ್ ಪರ ಮತ 26 ಏರಿತು, ಆದರೆ ಅದರಲ್ಲಿ ಒಂದು ಸೋಮವಾರ ಮತ ಹಾಕದಿದ್ದವರದು. ಡೆಮಾಕ್ರಟರಲ್ಲಿ 32 ಏರಿತು, ಅಲ್ಲಿ ಒಬ್ಬರು ಪರದಿಂದ ವಿರುದ್ಧಕ್ಕೆ ಹೋದರು. ಸಾಲು ಸಾಲಾಗಿ ಜೋಡಿಸಿದಾಗ ಮಾತ್ರ ನಿಜ ಸಂಖ್ಯೆ ಸಿಗುತ್ತದೆ: ವಿರುದ್ಧದಿಂದ ಪರಕ್ಕೆ ಬಂದವರು 58, ಅವರಲ್ಲಿ ಡೆಮಾಕ್ರಟರು 33, ರಿಪಬ್ಲಿಕನ್ನರು 25.

ಈ 25, 12ಕ್ಕಿಂತ ದೊಡ್ಡದು. ಹಾಗಾಗಿ ಭಾಷಣದ ವಾದ ಪೂರ್ತಿ ಸುಳ್ಳೆಂದು ಹಾಳೆ ಹೇಳುವುದಿಲ್ಲ, ಹೇಳಿಸಲೂಬಾರದು. ಆದರೆ ಸೋಮವಾರ ವಿರುದ್ಧ ಇದ್ದ ಡೆಮಾಕ್ರಟರಲ್ಲಿ ಮೂರರಲ್ಲಿ ಒಬ್ಬರು ತಿರುಗಿದರು, ರಿಪಬ್ಲಿಕನ್ನರಲ್ಲಿ ಐದರಲ್ಲಿ ಒಬ್ಬರೂ ಪೂರ್ತಿ ಇಲ್ಲ. ಡೆಮಾಕ್ರಟರಿಗೆ ಪೆಲೋಸಿ ಭಾಷಣದಿಂದ ನೋವಾಗಿರಲು ಕಾರಣವಿಲ್ಲ. ಅವರನ್ನೂ ತಿರುಗಿಸಿದ್ದು ಬೇರೆ ಏನೋ. ನಡುವಿನ ನಾಲ್ಕು ದಿನಗಳಲ್ಲಿ ಸೆನೆಟ್ 74–25ರಲ್ಲಿ ಪಾಸು ಮಾಡಿದ ಮಸೂದೆಯಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷ ಡಾಲರ್‌ನಿಂದ 2.5 ಲಕ್ಷಕ್ಕೆ ಏರಿತ್ತು, ತೆರಿಗೆ ರಿಯಾಯಿತಿಗಳ ದೊಡ್ಡ ಕಟ್ಟು ಸೇರಿತ್ತು, ಷೇರುಪೇಟೆ ಕುಸಿದಿತ್ತು. ಯಾವುದರ ಪಾಲು ಎಷ್ಟೆಂದು ಹಾಳೆಯಿಂದ ಬೇರ್ಪಡಿಸಲಾಗದು. ಅಂಥ ಹೊತ್ತಲ್ಲಿ ನಾನು ‘ಭಾಷಣವೇ ಕಾರಣವೆಂದು ತೋರಿಸುವ ದಾಖಲೆ ಇಲ್ಲ’ ಎಂದು ಬರೆಯುತ್ತೇನೆ, ‘ಭಾಷಣ ಕಾರಣವಲ್ಲ’ ಎಂದಲ್ಲ. ಎರಡು ವಾಕ್ಯಗಳ ನಡುವೆ ಬಹಳ ದೂರ ಇದೆ. ಅಷ್ಟು ಹೇಳಿದ ಮೇಲೆ, ಒಂದೊಂದು ಮತವೂ ಎಣಿಕೆಯಲ್ಲಿದ್ದ ದಿನ ಸ್ಪೀಕರ್ ಆ ಭಾಷಣ ಮಾಡಬಾರದಿತ್ತು ಎಂದೇ ನಾನು ತಿಳಿದಿದ್ದೇನೆ.

ಇನ್ನೂ ಒಂದು ಎಚ್ಚರ. 15 ನಿಮಿಷದ ಮತದಾನವನ್ನು ಅಂದು ಸುಮಾರು 40 ನಿಮಿಷ ತೆರೆದಿಟ್ಟಿದ್ದರು. ಕೊನೆಯ ಗುಂಡಿ ಮಾತ್ರ ದಾಖಲಾಗುತ್ತದೆ. ಸೋಲು ಖಚಿತವಾದ ಮೇಲೆ, ಕಷ್ಟದ ಕ್ಷೇತ್ರದವರು ಸೋಲುವ ಮಸೂದೆಗೆ ಪರ ಹಾಕಿ ಬೈಗುಳ ಯಾಕೆ ತಿನ್ನಬೇಕೆಂದು ಕೊನೆಗೆ ವಿರುದ್ಧಕ್ಕೆ ಸರಿಯುವುದುಂಟು. ಆದ್ದರಿಂದ 23ರ ಅಂತರ ನಿಜವಾದ ವಿರೋಧಕ್ಕಿಂತ ಹಿಗ್ಗಿರಬಹುದು. ಮತ ಬದಲಿಸಿದವರ ಹೆಸರು ಕಲಾಪದ ಅಧಿಕೃತ ದಾಖಲೆಯಾದ ಕಾಂಗ್ರೆಷನಲ್ ರೆಕಾರ್ಡ್‌ನಲ್ಲಿ ಆ ಮತದಾನದ ಪಟ್ಟಿಯ ಕೆಳಗೆ ಸಿಗುತ್ತದೆ, ಅಲ್ಲಿ ನೋಡದೆ ಬಿಡಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಕೊನೆಯ ಕಾಲಂ. ಚುನಾವಣೆಗೆ ಉಳಿದದ್ದು ಐದೇ ವಾರ. ಬಿಗಿ ಪೈಪೋಟಿಯ ಕ್ಷೇತ್ರಗಳೆಂದು ದರ್ಜೆ ಪಡೆದಿದ್ದ ಹಾಲಿ ಸದಸ್ಯರು 38. ಅವರಲ್ಲಿ ಪರ ಹಾಕಿದವರು 8, ವಿರುದ್ಧ 30. ಉಳಿದ 395 ಜನರದು 197–198, ಹೆಚ್ಚುಕಡಿಮೆ ಸರಿಸಮ. ಆ 38 ಜನ ಉಳಿದವರಂತೆಯೇ ಹಂಚಿಹೋಗಿದ್ದರೆ ಅವರಿಂದ 19 ಪರ ಮತ ಬರುತ್ತಿತ್ತು. 197ಕ್ಕೆ 19 ಕೂಡಿದರೆ 216. ಗೆಲುವಿಗೆ ಒಂದೇ ಒಂದು ಮತ ಕಡಿಮೆ. ಇದು ಸಾಬೀತಲ್ಲ, ಅಂದಾಜು. ಆದರೂ ಪಕ್ಷಕ್ಕಿಂತ ಕುರ್ಚಿಯ ಭಯ ಎಷ್ಟು ಮತ ತಿಂದಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಅಂಕಿ ನನಗೆ ಸಿಕ್ಕಿಲ್ಲ. ದರ್ಜೆ ಮಾತ್ರ ಮತದಾನಕ್ಕೆ ಮೊದಲಿನದೇ ಇರಬೇಕು. ನವೆಂಬರ್‌ನ ಫಲಿತಾಂಶ ನೋಡಿ ‘ಬಿಗಿ ಕ್ಷೇತ್ರ’ ಎಂದು ಆರಿಸಿದರೆ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟಂತಾಗುತ್ತದೆ.

ಕನ್ನಡದಲ್ಲಿ ಬರೆಯುವಾಗ ಒಂದು ಸಾಲು ವಿವರಣೆ ಕಡ್ಡಾಯ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿದವರ ಸದಸ್ಯತ್ವವೇ ಹೋಗಬಹುದು. ಅಮೆರಿಕದಲ್ಲಿ ವಿಪ್ ಎಂದರೆ ಎಣಿಸುವವನು, ಒಲಿಸುವವನು, ಅಷ್ಟೇ. ಅದು ಹೇಳದಿದ್ದರೆ 133 ಜನ ಬಂಡೆದ್ದರು ಎಂದೇ ನಮ್ಮ ಓದುಗರು ತಿಳಿಯುತ್ತಾರೆ.

ಮೊತ್ತದಲ್ಲಿ 100 ಕೋಟಿ ಒಂದು ಬಿಲಿಯನ್, ಆದ್ದರಿಂದ 700 ಬಿಲಿಯನ್ ಎಂದರೆ 70,000 ಕೋಟಿ ಡಾಲರ್, ಅಂದಿನ ಸುಮಾರು 47 ರೂಪಾಯಿ ದರದಲ್ಲಿ 33 ಲಕ್ಷ ಕೋಟಿ ರೂಪಾಯಿ. ಸೊನ್ನೆ ತಪ್ಪುವುದು ಇಲ್ಲೇ. ಅದೂ ಒಂದೇ ಕಂತಲ್ಲ: ಮೊದಲು 25,000 ಕೋಟಿ ಡಾಲರ್, ಅಧ್ಯಕ್ಷರು ಬರೆದುಕೊಟ್ಟರೆ ಇನ್ನೂ 10,000 ಕೋಟಿ, ಉಳಿದ 35,000 ಕೋಟಿಯನ್ನು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ತಡೆಯಬಹುದಿತ್ತು.

ಷೇರುಪೇಟೆಯನ್ನು ಮತದಾನಕ್ಕೆ ಗಂಟು ಹಾಕುವ ಮುಂಚೆ ಗಡಿಯಾರ ನೋಡಬೇಕು. ವಾಷಿಂಗ್ಟನ್‌ನಲ್ಲಿ ಮಧ್ಯಾಹ್ನ ಎರಡು ದಾಟಿದಾಗ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದೂವರೆ. ಸೆನ್ಸೆಕ್ಸ್ ಆ ಸೋಮವಾರ 500ಕ್ಕೂ ಹೆಚ್ಚು ಅಂಶ ಕುಸಿದದ್ದು ಮತದಾನಕ್ಕೆ ಗಂಟೆಗಟ್ಟಲೆ ಮುಂಚೆ, ಮರುದಿನ ಅದು ಏರಿತು. ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ ಅಂದು 777 ಅಂಶ ಬಿತ್ತು ನಿಜ, ಆದರೆ ಬ್ಯಾಂಕುಗಳ ಸುದ್ದಿಯಿಂದ ಮತದಾನಕ್ಕೆ ಮೊದಲೇ ಅದು ಕೆಳಗಿತ್ತು. ಶುಕ್ರವಾರ ಮಸೂದೆ ಪಾಸಾಗಿ, ಅದೇ ದಿನ ಬುಷ್ ಸಹಿಯೂ ಬಿತ್ತು. ಡೌ ಅಂದೂ 157 ಅಂಶ ಇಳಿದೇ ಮುಚ್ಚಿತು.